ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ, ನೋವು ಕಾಲಿಗಿಳಿದಿದೆ: ಅಡಿಕೆ ಸುಲಿತ ನಿಲ್ಲಿಸಬೇಕೇ?

ತೋಟದಮನೆ_ಶಿರಸಿ (ಪ್ರಶ್ನೆ)

ಅಪ್ಪನಿಗೆ 56 ವರ್ಷ. ಶಿರಸಿ ತಾಲೂಕಿನಲ್ಲಿ ಅಡಿಕೆ ತೋಟ. ಹಗಲು ಅಡಿಕೆ ಕೊನೆ (ಗೊಂಚಲು) ಹೊರುವುದು, ರಾತ್ರಿ ಮೆಟ್ಟುಗತ್ತಿ (ಹಲಗೆಗೆ ಕೂರಿಸಿದ ಕತ್ತಿ) ಮುಂದೆ ಕೂತು ಸುಲಿಯುವುದು. ಮೂರು ವಾರದ ಹಿಂದೆ ಯೂರಿಯಾ ಚೀಲ ಎತ್ತುವಾಗ ಸೊಂಟ ಹಿಡಿಯಿತು. ಈಗ ಸೊಂಟಕ್ಕಿಂತ ಎಡಗಾಲಿನದೇ ಜಾಸ್ತಿ. ಕುಂಡೆಯಿಂದ ಹೊರತೊಡೆ, ಮೀನಖಂಡದ ಹೊರಬದಿ ಹಿಡಿದು ಹೆಬ್ಬೆರಳ ತನಕ ಜುಂ ಅನ್ನುತ್ತದೆ. ಕೂತರೆ, ಕೆಮ್ಮಿದರೆ ಏರುತ್ತದೆ. ನಡೆದಾಡಿದರೆ ಸ್ವಲ್ಪ ಹಗುರ.

ಎಂಆರ್‌ಐ ಮಾಡಿಸಿದ್ದಾಯಿತು. ಎಲ್4–ಎಲ್5ರಲ್ಲಿ, ಅಂದರೆ ಸೊಂಟದ ನಾಲ್ಕನೇ ಐದನೇ ಮೂಳೆಯ ನಡುವೆ, ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿ ಎಡಗಡೆಯ ನರಕ್ಕೆ ತಾಗುತ್ತಿದೆ, ಉಳಿದ ಡಿಸ್ಕುಗಳೂ ಒಣಗಿವೆ ಎಂದು ಬರೆದಿದೆ. ಡಾಕ್ಟರು ಐದು ದಿನದ ಮಾತ್ರೆ, ಸೊಂಟಕ್ಕೆ ಬೆಲ್ಟ್ ಕೊಟ್ಟು ಫಿಸಿಯೋಥೆರಪಿಗೆ ಹೋಗಿ ಅಂದರು. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ನೀರಿಳಿಸುವ ಮಾತ್ರೆ ಸೇರಿದ ಗುಳಿಗೆ ದಿನಾ ತಗೊಳ್ತಾರೆ.

ಮನೆಯಲ್ಲಿ ಒಬ್ಬರು ತಿಂಗಳು ಪೂರ್ತಿ ಮಲಗಿಸಿ ಅಂತಾರೆ, ಇನ್ನೊಬ್ಬರು ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಬೆನ್ನು ತಿರುಗಿಸಿ ನೆಟಿಗೆ ತೆಗೆಸಿ ಅಂತಾರೆ. ಮಲಗಬೇಕೋ, ನಡೆಯಬೇಕೋ? ಬೆಲ್ಟ್ ಎಷ್ಟು ಹೊತ್ತು? ಎಣ್ಣೆ, ಶಾಖ ಪ್ರಯೋಜನವೇ? ಸುಲಿತಕ್ಕೆ ಯಾವಾಗ ಕೂರಬಹುದು? ಗೊತ್ತಿದ್ದವರು ಬಿಡಿಸಿ ಹೇಳಿ.

ಫಿಸಿಯೋ_ಕುಮಟಾ

ಬೇರೆ ಏನು ಮಾಡುವುದಕ್ಕೂ ಮುಂಚೆ ಇವತ್ತೇ ಮನೆಯಲ್ಲಿ ಎರಡು ನಿಮಿಷದ ಪರೀಕ್ಷೆ ಮಾಡಿ. ಅಪ್ಪ ಬರಿಗಾಲಲ್ಲಿ ಗೋಡೆ ಪಕ್ಕ ನಿಲ್ಲಲಿ. ಹಿಮ್ಮಡಿ ಮೇಲೆ ಹತ್ತು ಹೆಜ್ಜೆ, ತುದಿಗಾಲಲ್ಲಿ ಹತ್ತು ಹೆಜ್ಜೆ ನಡೆಸಿ. ಆಮೇಲೆ ಕೂರಿಸಿ, ಎರಡೂ ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿ, ನಿಮ್ಮ ಬೆರಳಿನಿಂದ ಕೆಳಕ್ಕೆ ಒತ್ತಿ ಎರಡೂ ಬದಿ ಹೋಲಿಸಿ. ನೀವು ಹೇಳಿದ ದಾರಿ, ಅಂದರೆ ಮೀನಖಂಡದ ಹೊರಬದಿಯಿಂದ ಹೆಬ್ಬೆರಳಿಗೆ, ಎಲ್5 ನರದ್ದು. ಆ ನರ ಬಲ ಕಳಕೊಂಡರೆ ಹಿಮ್ಮಡಿ ಮೇಲೆ ನಡೆಯುವಾಗ ಪಾದದ ಮುಂಭಾಗ ಜಾರುತ್ತದೆ, ಹೆಬ್ಬೆರಳು ಸೋಲುತ್ತದೆ. ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅದು ಅದರ ಕೆಳಗಿನ ಎಸ್1 ನರದ್ದು. ನೋವು ಎಷ್ಟಿದೆ ಎನ್ನುವುದಕ್ಕಿಂತ ಬಲ ಎಷ್ಟಿದೆ ಎನ್ನುವುದು ಮುಖ್ಯ. ಫಲಿತಾಂಶ ಇಲ್ಲಿ ಬರೆಯಿರಿ.

ಮೂತ್ರ ಕಟ್ಟುವುದು ಅಥವಾ ಗೊತ್ತಾಗದೇ ಹೋಗುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟು ತಾಗುವ ಜಾಗದಲ್ಲಿ ಮುಟ್ಟಿದ್ದು ತಿಳಿಯದಿರುವುದು, ಎರಡೂ ಕಾಲು ಒಟ್ಟಿಗೆ ಸೋಲುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಪೂರ್ತಿ ಒತ್ತಿಹೋದಾಗ ಹೀಗಾಗುತ್ತದೆ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗದಿದ್ದರೆ ಮೂತ್ರದ ಹಿಡಿತ ವಾಪಸು ಬರದೇ ಹೋಗಬಹುದು. ಅಪರೂಪ, ಆದರೆ ಮನೆಯವರೆಲ್ಲರಿಗೂ ಗೊತ್ತಿರಬೇಕು.

ಈಗ ರಿಪೋರ್ಟಿನ ವಿಷಯ. ನೋವೇ ಇಲ್ಲದವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರೂ 50ರ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 60 ಜನರಿಗೆ ಡಿಸ್ಕ್ ಉಬ್ಬಿರುತ್ತದೆ, 80 ಜನರಿಗೆ ಒಣಗಿರುತ್ತದೆ. ಹಾಗಾಗಿ 'ಉಳಿದ ಡಿಸ್ಕುಗಳೂ ಒಣಗಿವೆ' ಎನ್ನುವ ಸಾಲಿಗೆ ಹೆದರಬೇಡಿ. ಎಡ ಎಲ್5 ನರಕ್ಕೆ ತಾಗಿದೆ ಎನ್ನುವುದು ನೋವಿನ ದಾರಿಗೆ ಹೊಂದುತ್ತದೆ, ಅದೊಂದನ್ನೇ ಲೆಕ್ಕಕ್ಕೆ ಹಿಡಿಯಿರಿ. ಹೊರಬಂದ ಡಿಸ್ಕಿನ ತುಂಡನ್ನು ಶರೀರ ತಾನೇ ಕರಗಿಸಿಕೊಳ್ಳುತ್ತದೆ. ದೊಡ್ಡದಾಗಿ ಹೊರಬಂದದ್ದು ಇನ್ನೂ ಚೆನ್ನಾಗಿ ಕರಗುವುದುಂಟು. ಕಾಲಿಗಿಳಿದ ನೋವು ಬಹಳಷ್ಟು ಜನರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೇ ತಗ್ಗುತ್ತದೆ. ನಿಮ್ಮದು ಇನ್ನೂ ಮೂರನೇ ವಾರ.

ತಿಂಗಳು ಮಲಗಿಸುವುದು ಬೇಡವೇ ಬೇಡ. ತೀರಾ ತಡೆಯಲಾಗದ ದಿನ ಒಂದೆರಡು ತಾಸು ಮಲಗಲಿ, ಅಷ್ಟೇ. ಹೆಚ್ಚು ಮಲಗಿದಷ್ಟೂ ಬೆನ್ನಿನ ಸ್ನಾಯು ಕರಗುತ್ತದೆ, ಮಲಬದ್ಧತೆ ಆಗುತ್ತದೆ, ತಿಣುಕುವಾಗ ಡಿಸ್ಕಿನ ಒತ್ತಡ ಏರಿ ಕಾಲಿಗೆ ಮತ್ತೆ ಹೊಡೆಯುತ್ತದೆ. ಆದರೆ 'ಮಲಗಬೇಡಿ' ಅಂದರೆ 'ಕೂತಿರಿ' ಅಂತಲೂ ಅಲ್ಲ. ಈ ತರದ ನೋವಿಗೆ ಕೂರುವುದೇ ಶತ್ರು. 20 ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಕೂರಬಾರದು. ಊಟಕ್ಕೆ ನೆಲದ ಮೇಲೆ ಮಣೆ ಬೇಡ, ಕುರ್ಚಿ ಆಗಲಿ. ಬಚ್ಚಲಿನಲ್ಲಿ ಬಗ್ಗಿ ನೀರು ಮೊಗೆಯುವ ಬದಲು ಬಕೆಟನ್ನು ಸ್ಟೂಲ್ ಮೇಲಿಡಿ.

ವ್ಯಾಯಾಮ ಹೀಗೆ. ಚಾಪೆ ಮೇಲೆ ಬೋರಲು ಮಲಗಿ ಕೈ ಪಕ್ಕಕ್ಕಿಟ್ಟು 2–3 ನಿಮಿಷ. ಸಹಿಸಿದರೆ ಮೊಣಕೈ ಊರಿ ಎದೆ ಎತ್ತಿ 2–3 ನಿಮಿಷ. ಅದೂ ಸಲೀಸಾದರೆ ಅಂಗೈ ಭುಜದ ಕೆಳಗಿಟ್ಟು ಕೈಬಲದಿಂದ ಮಾತ್ರ ಎದೆ ಎತ್ತುವುದು. ಸೊಂಟ, ಕುಂಡೆ ಸಡಿಲ, ಹೊಟ್ಟೆಯ ಕೆಳಭಾಗ ಚಾಪೆಗೇ ಅಂಟಿರಬೇಕು. ಮೇಲೆ ಒಂದು ಕ್ಷಣ ನಿಂತು ಉಸಿರು ಬಿಟ್ಟು ಇಳಿಯುವುದು. ಹತ್ತು ಸಲ. ಎಚ್ಚರವಿರುವಾಗ ಎರಡು ತಾಸಿಗೊಮ್ಮೆ, ದಿನಕ್ಕೆ ಆರೇಳು ಬಾರಿ. ಬೆಳಿಗ್ಗೆ ಸಂಜೆ ಎರಡೇ ಸಲ ಮಾಡಿದವರಿಗೆ ಇದು ಹಿಡಿಯುವುದಿಲ್ಲ. ನಡುವೆ ಬಗ್ಗಿ ಕೂತದ್ದೆಲ್ಲ ಅದನ್ನು ಅಳಿಸಿ ಹಾಕುತ್ತದೆ.

ನೋವು ಯಾವ ಕಡೆ ಸರಿಯುತ್ತದೆ ಎಂದು ಗಮನವಿಟ್ಟು ನೋಡಬೇಕು. ಹೆಬ್ಬೆರಳಿನ ಜೋಮು ಮೀನಖಂಡಕ್ಕೆ, ಮೀನಖಂಡದ್ದು ತೊಡೆಗೆ, ತೊಡೆಯದು ಸೊಂಟಕ್ಕೆ ಏರಿದರೆ ದಾರಿ ಸರಿ ಇದೆ. ಆ ಹೊತ್ತಿಗೆ ಸೊಂಟದ ನೋವು ಸ್ವಲ್ಪ ಹೆಚ್ಚಿದರೂ ಚಿಂತೆಯಿಲ್ಲ. ಸೊಂಟ ಹಗುರಾಗಿ ಕಾಲಿನದು ಕೆಳಗಿಳಿದರೆ ತಕ್ಷಣ ನಿಲ್ಲಿಸಿ. ಬಹಳ ಜನ ಇದನ್ನು ತಿರುವುಮುರುವಾಗಿ ತಿಳಿದು, ಸೊಂಟ ನೋಯಿತೆಂದು ಸರಿಯಾದ ವ್ಯಾಯಾಮ ಬಿಡುತ್ತಾರೆ, ಸೊಂಟ ಹಗುರಾಯಿತೆಂದು ತಪ್ಪಾದದ್ದನ್ನು ಮುಂದುವರಿಸುತ್ತಾರೆ. ಎರಡು ಮೂರು ದಿನ ನಿಯಮವಾಗಿ ಮಾಡಿಯೂ ಏನೂ ಸರಿಯದಿದ್ದರೆ ಇದು ಅವರ ದಿಕ್ಕಲ್ಲ, ಯಾರಾದರೂ ಕೈಯಿಟ್ಟು ಪರೀಕ್ಷಿಸಬೇಕು.

ಓದುವ ಬೇರೆಯವರಿಗೆ ಒಂದು ಮಾತು. ನಡೆದರೆ ಕಾಲು ಸೋತು, ಬಗ್ಗಿ ನಿಂತರೆ ಅಥವಾ ಕೂತರೆ ಹಗುರಾಗುವ ವಯಸ್ಸಾದವರ ನೋವು ಬೇರೆ. ಅಲ್ಲಿ ನರದ ಕಾಲುವೆಯೇ ಕಿರಿದಾಗಿರುತ್ತದೆ, ಹಿಂದಕ್ಕೆ ಬಾಗುವ ಈ ವ್ಯಾಯಾಮ ಅವರಿಗೆ ಹೆಚ್ಚು ಮಾಡುತ್ತದೆ. 40ಕ್ಕಿಂತ ಚಿಕ್ಕವರಿಗೆ, ಬೆಳಗಿನ ಜಾವ ಎಚ್ಚರಾಗುವಂಥ ನೋವು, ಎದ್ದ ಮೇಲೆ ಅರ್ಧ ತಾಸಿಗೂ ಹೆಚ್ಚು ಬಿಗಿತ, ಓಡಾಡಿದರೆ ಕಮ್ಮಿ, ತಿಂಗಳುಗಟ್ಟಲೆ ಹೀಗೇ ಇದ್ದರೆ ಅದು ಉರಿಯೂತದ ಸಂಧಿವಾತ ಇರಬಹುದು. ಸಂಧಿವಾತದ ಡಾಕ್ಟರು (ರುಮಟಾಲಜಿಸ್ಟ್) ನೋಡಬೇಕು. ಮೂಳೆ ಡಾಕ್ಟರ ಹತ್ತಿರ ವರ್ಷಗಟ್ಟಲೆ ಮಾತ್ರೆ ನುಂಗಿ ತಡವಾಗುವುದು ಇಂಥವರಿಗೇ.

ಬೆಳಿಗ್ಗೆ ಎದ್ದ ಮೊದಲ ಒಂದು ತಾಸು ಬಗ್ಗುವುದು ಸಂಪೂರ್ಣ ಬಂದ್. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಬಗ್ಗಿದಾಗ ಅದರ ಮೇಲಿನ ಒತ್ತಡ ಆಗ ಅತಿ ಹೆಚ್ಚು. ಎದ್ದ ಕೂಡಲೇ ಕೊಟ್ಟಿಗೆಗೆ ಹೋಗಿ ಸಗಣಿ ಬಾಚುವುದು, ಬಗ್ಗಿ ಹಾಲು ಕರೆಯುವುದು ಇದ್ದರೆ ಬೇರೆಯವರು ಮಾಡಲಿ, ಇಲ್ಲವೇ ತಡಮಾಡಿ. ಹಾಸಿಗೆಯಿಂದ ಏಳುವಾಗ ನೇರ ಎದ್ದು ಕೂರಬಾರದು. ಮೊಣಕಾಲು ಮಡಚಿ, ಭುಜ ಸೊಂಟ ಒಟ್ಟಿಗೆ ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಡುತ್ತ ಕೈಯಿಂದ ತಳ್ಳಿ ಏಳಬೇಕು. ಅಂಗಾತ ಮಲಗಿದರೆ ಮೊಣಕಾಲ ಕೆಳಗೆ ದಿಂಬು, ಮಗ್ಗುಲಾದರೆ ಎರಡು ಮೊಣಕಾಲ ನಡುವೆ. ಬರೀ ನೆಲ, ಹಲಗೆ ಬೇಕಿಲ್ಲ. ಮಧ್ಯಮ ಗಟ್ಟಿಯ ಹಾಸಿಗೆ ಒಳ್ಳೆಯದು.

ಬೆಲ್ಟ್: ಬಸ್ಸಿನಲ್ಲಿ ಹೋಗುವಾಗ, ಅನಿವಾರ್ಯವಾಗಿ ನಿಂತು ಕೆಲಸ ಮಾಡುವಾಗ, ದಿನಕ್ಕೆ ಒಂದೆರಡು ತಾಸು. ಮಲಗುವಾಗ, ವ್ಯಾಯಾಮದ ಹೊತ್ತಿಗೆ ಬೇಡ. ಎರಡು ಮೂರು ವಾರದಲ್ಲಿ ಬಿಡಿಸಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ಬೆಲ್ಟನ್ನೂ ಟ್ರಾಕ್ಷನ್ನನ್ನೂ (ಯಂತ್ರದಿಂದ ಸೊಂಟ ಎಳೆಯುವುದು) ವಾಡಿಕೆಯಂತೆ ಕೊಡಬಾರದು ಎನ್ನುತ್ತದೆ. ಫಿಸಿಯೋಥೆರಪಿಗೆ ಹೋದಲ್ಲಿ ಬರೀ ಯಂತ್ರ ಹಚ್ಚಿ, ಸೊಂಟ ಎಳೆದು ಕಳಿಸಿದರೆ ವ್ಯಾಯಾಮ ಕಲಿಸಿಕೊಡಿ ಎಂದು ಕೇಳಿ ಪಡೆಯಿರಿ.

ನೆಟಿಗೆ ತೆಗೆಸುವುದು: ಕಾಲಿಗೆ ಇಳಿಯದ ಬರೀ ಸೊಂಟನೋವಿಗೆ ತರಬೇತಾದವರು ಕೈಯಿಂದ ಬೆನ್ನು ತಿರುಗಿಸಿ ಮಾಡುವ ಮೆನಿಪ್ಯುಲೇಷನ್‌ನಿಂದ ಕೆಲವರಿಗೆ ಅನುಕೂಲ ಉಂಟು. ನರ ಒತ್ತಿ ಹೆಬ್ಬೆರಳ ತನಕ ಜೋಮು ಹಿಡಿದವರ ಬೆನ್ನನ್ನು ಜೋರಾಗಿ ತಿರುಗಿಸುವುದು, ಬೆನ್ನ ಮೇಲೆ ಕಾಲಿಟ್ಟು ತುಳಿಯುವುದು ಬೇಡ. ಅರ್ಧ ಹೊರಬಂದ ಡಿಸ್ಕ್ ಪೂರ್ತಿ ಹೊರಬರಲು ಅಷ್ಟು ಸಾಕು.

ಮದ್ದಿನಂಗಡಿ_ಅಂಕೋಲಾ

ಪ್ರಶ್ನೆಯಲ್ಲಿ ಬಿಪಿ ಮಾತ್ರೆಯ ಹೆಸರು ಬರೆದದ್ದು ಒಳ್ಳೆಯದಾಯಿತು. ಟೆಲ್ಮಿಸಾರ್ಟನ್, ನೀರಿಳಿಸುವ ಮಾತ್ರೆ, ಇವೆರಡರ ಮೇಲೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆ ಬಿದ್ದರೆ ಮೂರೂ ಸೇರಿ ಕಿಡ್ನಿಗೆ ಹೋಗುವ ರಕ್ತದ ಒತ್ತಡವನ್ನು ಇಳಿಸುತ್ತವೆ. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದ ದಿನ, ವಾಂತಿಭೇದಿ ಆದ ದಿನ ಕ್ರಿಯಾಟಿನಿನ್ (ಕಿಡ್ನಿ ಸೋತದ್ದನ್ನು ತೋರಿಸುವ ರಕ್ತದ ಅಂಶ) ಧಿಡೀರನೆ ಏರುತ್ತದೆ. ಬಿಪಿಯೂ ಏರಬಹುದು. ಡಾಕ್ಟರು ಕೊಟ್ಟ ಐದು ದಿನ ಸರಿ. ಚೀಟಿ ತೋರಿಸಿ ಅದನ್ನೇ ಅಂಗಡಿಯಿಂದ ತಿಂಗಳುಗಟ್ಟಲೆ ತರುವುದು ತಪ್ಪು. ಮುಂದುವರಿಸಲೇಬೇಕಾದರೆ ಮೊದಲು ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಹೆಚ್ಚು ಖರ್ಚಾಗುವ ಗುಳಿಗೆಯಲ್ಲಿ ಅಸೆಕ್ಲೋಫೆನಾಕ್ 100 ಮಿ.ಗ್ರಾಂ ಜೊತೆ ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಇರುತ್ತದೆ. ಅದರ ಮೇಲೆ ಮೈಕೈ ನೋವೆಂದು 650ರ ಪ್ಯಾರಾಸಿಟಮಾಲ್, ರಾತ್ರಿ ಮತ್ತೊಂದು ಹೆಸರಿನ ನೋವಿನ ಗುಳಿಗೆ. ಹೆಸರು ಮೂರು, ಒಳಗಿನ ಮದ್ದು ಅದೇ. ಗುಳಿಗೆ ಎಲೆಯ (ಸ್ಟ್ರಿಪ್) ಹಿಂಭಾಗದ ಸಣ್ಣ ಅಕ್ಷರ ಓದಿ, ಒಂದು ಹೊತ್ತಿಗೆ ಒಂದೇ ನೋವಿನ ಮಾತ್ರೆ, ಊಟದ ಮೇಲೆ. ಹಿಂದೆ ಹೊಟ್ಟೆ ಹುಣ್ಣಾಗಿದ್ದರೆ ಅಥವಾ ಹೃದಯಕ್ಕೆ ಆಸ್ಪಿರಿನ್, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಡಾಕ್ಟರಿಗೆ ಹೇಳದೇ ಮುಟ್ಟಬೇಡಿ. ಮಲ ಟಾರಿನಂತೆ ಕಪ್ಪಾದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಬರೀ ಪ್ಯಾರಾಸಿಟಮಾಲ್ ಸೊಂಟನೋವಿಗೆ ಅಷ್ಟೇನೂ ಕೆಲಸ ಮಾಡುವುದಿಲ್ಲ. ನರದ ನೋವಿಗೆಂದು ಕೊಡುವ ಪ್ರಿಗ್ಯಾಬಲಿನ್ 75 ಈಗ ಚೀಟಿಗಳಲ್ಲಿ ತುಂಬ ಕಾಣುತ್ತದೆ. 2017ರಲ್ಲಿ ಸಯಾಟಿಕಾ (ಹೀಗೆ ಕಾಲಿಗಿಳಿಯುವ ನೋವು) ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಮದ್ದಿಲ್ಲದ ಗುಳಿಗೆಗಿಂತ ಮೇಲಾಗಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ. ಈಗಾಗಲೇ ಕೆಲವು ವಾರದಿಂದ ತಗೊಳ್ಳುವವರು ಒಮ್ಮೆಲೇ ಬಿಡಬಾರದು, ಡಾಕ್ಟರಿಗೆ ಹೇಳಿ ಹಂತಹಂತವಾಗಿ ಇಳಿಸಬೇಕು. ಸ್ನಾಯು ಸಡಿಲಿಸುವ ಗುಳಿಗೆ ತಗೊಂಡ ದಿನ ಬೈಕ್ ಬೇಡ, ಮರ ಹತ್ತುವ ಮಾತಂತೂ ಬೇಡವೇ ಬೇಡ.

ಶಾಖದಿಂದ ಅನುಕೂಲ ಇದೆ: 15–20 ನಿಮಿಷ, ದಿನಕ್ಕೆ ಎರಡು ಮೂರು ಸಲ. ಬಿಸಿನೀರ ಚೀಲವಾಗಲಿ, ಹುರಿದ ಉಪ್ಪಿನ ಗಂಟಾಗಲಿ, ಲಕ್ಕಿ ಸೊಪ್ಪು ಕುದಿಸಿದ ನೀರಾಗಲಿ, ಸ್ನಾಯುವಿನ ಬಿಗಿತ ಬಿಡುತ್ತದೆ. ಒತ್ತಿದ ನರ ಇದರಿಂದ ಬಿಡುಗಡೆ ಆಗುವುದಿಲ್ಲ. ಹಾಗಾಗಿ ವ್ಯಾಯಾಮಕ್ಕೆ ಮುಂಚೆ ಶಾಖ ಕೊಟ್ಟರೆ ಉಪಯೋಗ ಹೆಚ್ಚು. ಎಣ್ಣೆ ನಿಧಾನ ತಿಕ್ಕಲಿ, ಬೆನ್ನುಮೂಳೆಯ ಮೇಲೆ ಒತ್ತದೇ ಎರಡು ಪಕ್ಕ. ಉರಿ ಬರುವ ಮುಲಾಮು ಹಚ್ಚಿದ ಮೇಲೆ ಬಿಸಿನೀರ ಚೀಲ ಇಟ್ಟರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರಿಗೆ ಬಿಸಿ ತಿಳಿಯುವುದೇ ಇಲ್ಲ, ಮನೆಯವರು ಮುಟ್ಟಿ ನೋಡಿ ಕೊಡಬೇಕು. ಎಕ್ಕದ ಎಲೆ ಕಾಯಿಸುವವರು ಹಾಲು ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಕಣ್ಣಿನ ಪಾರದರ್ಶಕ ಪದರಕ್ಕೆ ಪೆಟ್ಟಾಗುತ್ತದೆ.

ಚೀಟಿಯಿಲ್ಲದ, ಹೆಸರಿಲ್ಲದ ಪುಡಿ ಪೊಟ್ಟಣ ಯಾರು ಕೊಟ್ಟರೂ ಬೇಡ. ಒಂದೇ ದಿನದಲ್ಲಿ ನೋವು ಮಾಯ, ಹಸಿವು ಜೋರು, ವಾರಗಳಲ್ಲಿ ಮುಖ ದುಂಡಗೆ ಊದುವುದು, ಸಕ್ಕರೆ ಏರುವುದು ಕಂಡರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ ಶಂಕೆ ಮಾಡಬೇಕು. ಅದು ಮೂಳೆ ಟೊಳ್ಳು ಮಾಡುತ್ತದೆ. ತಿಂಗಳುಗಟ್ಟಲೆ ತಿಂದು ಥಟ್ಟನೆ ಬಿಟ್ಟರೂ ಜೀವಕ್ಕೆ ಅಪಾಯ. ಪುಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಕೊಟ್ಟಿಗೆ_ಯಲ್ಲಾಪುರ

ಸುಲಿತದ ವಿಷಯ ನಾನು ಹೇಳುತ್ತೇನೆ. ಸುಲಿತವೇ ಅಪಾಯ ಅಂತಲ್ಲ. ನೆಲಮಟ್ಟದ ಹಲಗೆಯ ಮೇಲೆ ಕೂತು ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ತಾಸುಗಟ್ಟಲೆ ಇರುವುದು, ಆಗಾಗ ಪಕ್ಕಕ್ಕೆ ತಿರುಗಿ ಬುಟ್ಟಿಯಿಂದ ಕಾಯಿ ತೆಗೆಯುವುದು, ಬಗ್ಗಿದ್ದೂ ತಿರುಗಿದ್ದೂ ಒಟ್ಟಾಗುವುದೇ ಡಿಸ್ಕಿಗೆ ಕೆಟ್ಟದ್ದು.

ಕತ್ತಿಯನ್ನು ಮೇಲಕ್ಕೆ ತನ್ನಿ. ಗಟ್ಟಿ ಬೆಂಚು ಅಥವಾ ಹಳೆಯ ಮೇಜು ಸಾಕು. ಕುರ್ಚಿಯಲ್ಲಿ ಕೂತಾಗ ಕತ್ತಿಯ ತುದಿ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಬರಬೇಕು. ಅದಕ್ಕಿಂತ ಎತ್ತರವಾದರೆ ಭುಜ ಎತ್ತಿ ಕುತ್ತಿಗೆ ಹಿಡಿಯುತ್ತದೆ, ತಗ್ಗಾದರೆ ಮತ್ತೆ ಬೆನ್ನು ಬಾಗುತ್ತದೆ. ಕುರ್ಚಿಯ ಎತ್ತರ ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲಿರುವಷ್ಟು, ಸಾಧಾರಣ ಆಳಿಗೆ 45 ಸೆಂ.ಮೀ. ಆಸುಪಾಸು. ಹೆಚ್ಚಿನವರು ಸೋಲುವುದು ಒಂದೇ ಕಡೆ. ನೆಲದಲ್ಲಿ ಹಲಗೆಯನ್ನು ಮೈಭಾರ ಹಿಡಿದಿರುತ್ತದೆ, ಬೆಂಚಿನ ಮೇಲೆ ಆ ಭಾರ ಇಲ್ಲ. ಎರಡು ಕೈಯಿಂದ ಕಾಯಿ ಒತ್ತಿದ ಕೂಡಲೇ ಹಲಗೆ ಎದ್ದು ಕತ್ತಿ ವಾಲುತ್ತದೆ, ಕೈ ಕೊಯ್ಯುತ್ತದೆ. ಎರಡು ದಿನ ಮಾಡಿ, ಆಗುವುದಿಲ್ಲ ಎಂದು ಮತ್ತೆ ನೆಲಕ್ಕೆ ಹೋಗುತ್ತಾರೆ. ಹಲಗೆಯ ಎರಡೂ ತುದಿಗೆ ತೂತು ಕೊರೆದು ಬೋಲ್ಟ್ ಹಾಕಿ ಬೆಂಚಿಗೆ ಬಿಗಿಯಿರಿ, ಕೆಳಗಡೆ ಅಗಲದ ವಾಷರ್ ಇರಲಿ. ಬೆಂಚಿನ ಹಿಂದಿನ ಕಾಲು ಗೋಡೆಗೆ ತಾಗಿಸಿಡಿ.

ಸುಲಿಯುವ ಅಡಿಕೆಯ ಬುಟ್ಟಿ ಬೆಂಚಿನ ಎತ್ತರದ ಸ್ಟೂಲ್ ಮೇಲೆ, ಕೈಗೆ ಸಿಗುವಷ್ಟು ಹತ್ತಿರ. ಸುಲಿದದ್ದು ಎದುರಿಗೆ. ಸಿಪ್ಪೆ ಕೆಳಗೆ ಬೀಳಲಿ, ಅದನ್ನು ಬಾಚುವುದು ಬೇರೆಯವರ ಕೆಲಸ. 20 ನಿಮಿಷಕ್ಕೊಮ್ಮೆ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು ಐದಾರು ಸಲ ಹಿಂದಕ್ಕೆ ಬಾಗಿ, ಅಂಗಳದಲ್ಲಿ ಒಂದು ಸುತ್ತು. ಮೊಬೈಲಿನಲ್ಲಿ ಅಲಾರಂ ಇಡಿ. ಮಾತಿನ ಭರದಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ. ಸುಲಿಯುವ ಯಂತ್ರ ಇರುವವರು ಕಾಯಿ ಸುರಿಯುವ ಬಾಯಿಯ ಎತ್ತರ ನೋಡಿ. ತುಂಬಿದ ಬುಟ್ಟಿಯನ್ನು ಎದೆಯ ಮೇಲಕ್ಕೆ ಎತ್ತಬೇಕಾದರೆ ಸುಲಿತದ ಶ್ರಮ ಎತ್ತುವುದಕ್ಕೆ ಬದಲಾಯಿತು ಅಷ್ಟೇ. ಚಾಲಿ (ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಒಣಗಿಸುವಾಗ ಗಿಡ್ಡ ಹಲಗೆ ಹಿಡಿದು ಬಗ್ಗುವುದು ಬೇಡ, ಗಲ್ಲದ ಎತ್ತರದ ಹಿಡಿ ಹಾಕಿಸಿ.

ಭಾರದ ಲೆಕ್ಕ: ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಯೋಶ್ ಸಂಸ್ಥೆಯ 1991ರ ಸೂತ್ರದ ಪ್ರಕಾರ ಎಲ್ಲ ಅನುಕೂಲ ಇದ್ದರೂ ಎತ್ತಬಹುದಾದದ್ದು 23 ಕೆ.ಜಿ. ಅದೂ ಭಾರ ಪಾದದ ಗಂಟಿನಿಂದ 25 ಸೆಂ.ಮೀ. ಒಳಗಿದ್ದಾಗ. 50 ಸೆಂ.ಮೀ. ದೂರ ಹೋದರೆ ಮಿತಿ ನೇರ ಅರ್ಧಕ್ಕೆ, ಹನ್ನೊಂದೂವರೆ ಕೆ.ಜಿ.ಗೆ ಇಳಿಯುತ್ತದೆ. ನೆಲದಿಂದ ಎತ್ತಿದರೆ, ತಿರುಗಿ ಎತ್ತಿದರೆ ಇನ್ನೂ ಕಡಿಮೆ. ಯೂರಿಯಾ ಚೀಲ 45 ಕೆ.ಜಿ. ಹಾಗಾಗಿ ಒಬ್ಬರೇ ಎತ್ತುವ ವಸ್ತುವೇ ಅಲ್ಲ ಅದು. ಮೂರು ಬುಟ್ಟಿ ಮಾಡಿ. ಜೀಪಿನಿಂದ ಇಳಿಸುವಾಗಲೇ ಸೊಂಟದೆತ್ತರದ ಕಟ್ಟೆ ಮೇಲೆ ಇಡಿಸಿದರೆ ನೆಲದಿಂದ ಎತ್ತುವ ಪ್ರಸಂಗವೇ ಬರುವುದಿಲ್ಲ. ತೋಟಕ್ಕಿಳಿಯುವ ದಾರಿಯ ಸಂಕದ (ಕಾಲುಸೇತುವೆ) ಮೇಲೆ ಪಾಚಿ ಕಟ್ಟಿದ್ದರೆ ಕೆರೆದು ಮರಳು ಹಾಕಿ. ಹೊರೆ ಹೊತ್ತು ಅಲ್ಲಿ ಜಾರಿದಾಗ ಬೀಳದೇ ಇದ್ದರೂ ಮೈ ಸಾವರಿಸುವ ಆ ಒಂದು ಎಳೆತಕ್ಕೇ ಸೊಂಟ ಹಿಡಿಯುತ್ತದೆ.

ಬೈತಖೋಲ_ಬಂದರು

ದೋಣಿಯವರಿಗೂ ಇದೇ ಲೆಕ್ಕ. ಕಾರವಾರದ ಕಡೆ ಬಲೆ ಎಳೆಯುವಾಗ ಪಾದ ಒಂದು ಕಡೆ ಊರಿ ಸೊಂಟ ಮಾತ್ರ ತಿರುಗಿಸುತ್ತಾರೆ. ಪಾದವನ್ನೇ ಹಗ್ಗದ ದಿಕ್ಕಿಗೆ ತಿರುಗಿಸಿ, ಒಂದು ಕಾಲು ಮುಂದಿಟ್ಟು, ಮೈಭಾರ ಹಿಂದಕ್ಕೆ ಹಾಕಿ ಎಳೆಯಬೇಕು. ಮಂಜುಗಡ್ಡೆ ತುಂಬಿದ ಕ್ರೇಟನ್ನು ಇಬ್ಬರು ಎತ್ತುವಾಗ ಒಬ್ಬರೇ ಎಣಿಸಿ ಹೇಳಬೇಕು, ಇಲ್ಲದಿದ್ದರೆ ಮೊದಲು ಎತ್ತಿದವರ ಬೆನ್ನಿಗೇ ಪೂರ್ತಿ ಭಾರ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗೆ ನಿಷೇಧ. ಅಷ್ಟೂ ದಿನ ಕೂತು ಆಗಸ್ಟಿನ ಮೊದಲ ವಾರ ಏಕಾಏಕಿ ಬಲೆಗೆ ಕೈ ಹಾಕಿದರೆ ಬೆನ್ನು ತಡೆಯುವುದಿಲ್ಲ. ಜುಲೈ ನಡುವಿನಿಂದಲೇ ದಿನಾ ಅರ್ಧ ತಾಸು ಬಿರುಸು ನಡಿಗೆ, ಮೊದಲು 10, ಆಮೇಲೆ 15, 20 ಕೆ.ಜಿ. ಎತ್ತುವ ಅಭ್ಯಾಸ ಹಚ್ಚಿಕೊಳ್ಳಬೇಕು.

ವಾರ್ಡ್_ಕಾರವಾರ

ಒಂದು ಸೇರಿಸುತ್ತೇನೆ. ಸೊಂಟನೋವಿನ ಜೊತೆ ಜ್ವರ ಇದ್ದರೆ ಡಿಸ್ಕ್ ಎಂದುಕೊಂಡು ಮನೆಯಲ್ಲಿ ಕೂರಬೇಡಿ. ನಮ್ಮ ಜಿಲ್ಲೆಯಲ್ಲಿ ಡಿಸೆಂಬರಿನಿಂದ ಮೇ ತನಕ ಕಾಡಿಗೆ ಸೊಪ್ಪು, ದರಕು (ಒಣ ಎಲೆ) ತರಲು ಹೋದವರಿಗೆ ಒಮ್ಮೆಲೇ ಜೋರು ಜ್ವರ, ತಲೆನೋವು, ಸೊಂಟ ಕಾಲು ಮುರಿಯುವಂಥ ನೋವು ಬಂದರೆ ಮಂಗನ ಕಾಯಿಲೆ ಪರೀಕ್ಷೆ ಆಗಬೇಕು. ಸಿದ್ದಾಪುರದ ಕಡೆಯವರಿಗೆ ಇದು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಗದ್ದೆ ಕೆಸರಿಗಿಳಿದವರಿಗೆ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ನೋವು ಬಂದರೆ ಇಲಿಜ್ವರ ನೆನಪಾಗಬೇಕು. ಇಂಥ ಜ್ವರಗಳಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್, ಐಬುಪ್ರೊಫೆನ್ ರಕ್ತಸ್ರಾವಕ್ಕೂ ಕಿಡ್ನಿ ಹಾನಿಗೂ ದಾರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ.

ವಾರಗಟ್ಟಲೆ ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು, ಮಲಗಿದರೂ ಬಿಡದ ಬೆನ್ನುನೋವು ಬೆನ್ನುಮೂಳೆಯ ಕ್ಷಯ ಇರಬಹುದು. ಕೆಮ್ಮು ಇರಲೇಬೇಕೆಂದಿಲ್ಲ. ಋತುಬಂಧ ದಾಟಿದ ಹೆಂಗಸರು ಮೆಲ್ಲಗೆ ಕುಳಿತುಬಿದ್ದರೂ ಮೂಳೆ ಕುಸಿದಿರಬಹುದು, ಅವರಿಗೆ ವ್ಯಾಯಾಮಕ್ಕೆ ಮುಂಚೆ ಎಕ್ಸ್‌ರೇ.

ತೋಟದಮನೆ_ಶಿರಸಿ

ಎಲ್ಲರಿಗೂ ವಂದನೆ. ಪರೀಕ್ಷೆ ಮಾಡಿಸಿದೆವು. ತುದಿಗಾಲಲ್ಲಿ ಸಲೀಸಾಗಿ ನಡೆದರು. ಹಿಮ್ಮಡಿ ಮೇಲೆ ಎಡಪಾದ ಸ್ವಲ್ಪ ತಗ್ಗುತ್ತದೆ, ಎಡ ಹೆಬ್ಬೆರಳನ್ನು ನಾನು ಒತ್ತಿದರೆ ಬಲಗಡೆಗಿಂತ ಬೇಗ ಸೋಲುತ್ತದೆ. ಮೂತ್ರದ ತೊಂದರೆ, ಜ್ವರ ಇಲ್ಲ. ಬೋರಲು ಮಲಗುವ ವ್ಯಾಯಾಮ ಎರಡು ದಿನದಿಂದ ನಡೆದಿದೆ. ಹೆಬ್ಬೆರಳ ಜೋಮು ಕಡಿಮೆ, ನೋವು ಈಗ ಮೊಣಕಾಲಿಂದ ಮೇಲೆ, ಸೊಂಟ ಮಾತ್ರ ಮುಂಚಿಗಿಂತ ಹಿಡಿದಿದೆ. ಇಷ್ಟು ಬಲ ಕಡಿಮೆ ಇದ್ದರೆ ಆಪರೇಷನ್ ಬೇಕೇ? ಹುಬ್ಬಳ್ಳಿಗೆ ಕರೆದುಕೊಂಡು ಹೋಗಬೇಕಾದರೆ ದಾರಿಯಲ್ಲಿ ಹೇಗೆ?

ಫಿಸಿಯೋ_ಕುಮಟಾ

ನೋವು ಮೇಲಕ್ಕೇರಿದ್ದು ಒಳ್ಳೆಯ ಗುರುತು, ವ್ಯಾಯಾಮ ಬಿಡಬೇಡಿ. ಆದರೆ ಹೆಬ್ಬೆರಳ ಸೋಲನ್ನು ಡಾಕ್ಟರಿಗೆ ನಾಳೆಯೇ ತೋರಿಸಿ, ಚೀಟಿಯಲ್ಲಿ ಬಲದ ಅಂಕ ಬರೆಸಿಕೊಳ್ಳಿ. ಸೊನ್ನೆಯಿಂದ ಐದರ ತನಕ ಅಳೆಯುತ್ತಾರೆ. ಒತ್ತಿದರೆ ಸೋಲುವುದು 4. ನೆಲದಿಂದ ಎತ್ತಲು ಮಾತ್ರ ಆಗಿ ಒತ್ತಡ ಸ್ವಲ್ಪವೂ ತಡೆಯದಿದ್ದರೆ 3. ಪಾದ ಜೋತುಬಿದ್ದು ನಡೆಯುವಾಗ ಚಪ್ಪಲಿ ಕಳಚಿ ಹೋಗುವುದು ಅದಕ್ಕಿಂತ ಕೆಳಗೆ. 4ರಲ್ಲೇ ನಿಂತು ಮೆಲ್ಲಗೆ ಏರುತ್ತಿದ್ದರೆ ಕಾಯಬಹುದು. 3ಕ್ಕೆ ಇಳಿದರೆ, ಅಥವಾ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ನೋವು ಕಡಿಮೆಯಾದರೂ ಕಾಯಬಾರದು. ಬಲ ಇಳಿಯುತ್ತಿರುವಾಗ ನೋವು ಏಕಾಏಕಿ ನಿಂತುಹೋದರೆ ಗುಣವಾಯಿತು ಎಂದು ಕೆಲವರು ತಿಳಿಯುತ್ತಾರೆ, ನರ ಪೂರ್ತಿ ಸೋತದ್ದೂ ಹಾಗೇ ಕಾಣುತ್ತದೆ. ದಿನಾ ಒಂದೇ ಹೊತ್ತಿಗೆ ಹೆಬ್ಬೆರಳು ಪರೀಕ್ಷಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಬಲ ನೆಟ್ಟಗಿದ್ದು 6ರಿಂದ 12 ವಾರ ಸರಿಯಾಗಿ ಪ್ರಯತ್ನಿಸಿಯೂ ಕಾಲುನೋವು ನಿದ್ದೆ ಮಾಡಲು ಬಿಡದಷ್ಟು ಉಳಿದರೆ ಆಪರೇಷನ್ ಮಾತು ಬರುತ್ತದೆ. ಮೈಕ್ರೋಡಿಸ್ಕೆಕ್ಟಮಿಯಲ್ಲಿ ನರಕ್ಕೆ ಒತ್ತುವ ತುಂಡನ್ನಷ್ಟೇ ತೆಗೆಯುತ್ತಾರೆ. ಕಾಲಿನ ನೋವು ಬೇಗ ಇಳಿಯುತ್ತದೆ, ಸೊಂಟದ ನೋವಿಗೆ ಅಷ್ಟು ಭರವಸೆ ಇಲ್ಲ. ಒಂದೆರಡು ವರ್ಷದ ಮೇಲೆ ನೋಡಿದರೆ ಮಾಡಿಸಿಕೊಂಡವರೂ ಮಾಡಿಸಿಕೊಳ್ಳದವರೂ ಹತ್ತಿರ ಹತ್ತಿರ ಒಂದೇ ಕಡೆ ಇರುತ್ತಾರೆ. ಬರೀ ರಿಪೋರ್ಟ್ ನೋಡಿ, ಕಾಲು ಪರೀಕ್ಷಿಸದೇ ರಾಡು ಸ್ಕ್ರೂ ಹಾಕೋಣ ಎಂದವರಿದ್ದರೆ ಇನ್ನೊಬ್ಬ ಸರ್ಜನರ ಅಭಿಪ್ರಾಯ ಪಡೆಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ ರೆಫರಲ್ ಬಗ್ಗೆ ಅಲ್ಲೇ ಕೇಳಿ.

ಸುಲಿತಕ್ಕೆ: ನೋವು ಮೊಣಕಾಲಿನ ಮೇಲೇ ಉಳಿದು, 20 ನಿಮಿಷ ಕುರ್ಚಿಯಲ್ಲಿ ಕೂತರೂ ಕೆಳಗಿಳಿಯದಿದ್ದರೆ ಯಲ್ಲಾಪುರದವರು ಹೇಳಿದ ಬೆಂಚಿನಲ್ಲಿ ದಿನಕ್ಕೆ ಎರಡು ಸಲ 20 ನಿಮಿಷದಿಂದ ಶುರು ಮಾಡಿ. ಮಾರನೇ ಬೆಳಿಗ್ಗೆ ಕಾಲು ಕೆಡದಿದ್ದರೆ ಮೂರು ದಿನಕ್ಕೊಮ್ಮೆ ಹತ್ತು ನಿಮಿಷ ಏರಿಸಿ. ಹೊರೆ ಎತ್ತುವುದು ಈ ಹಂಗಾಮಿಗೆ ಬೇಡ. ನಡಿಗೆ ಈಗಲೇ ಶುರು: ಸಮತಟ್ಟು ದಾರಿಯಲ್ಲಿ 5–10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಕಾಲುನೋವು ಪೂರ್ತಿ ಹೋದ ಮೇಲೂ ವಾರಕ್ಕೆ ಐದು ದಿನ 30 ನಿಮಿಷಕ್ಕೆ ತಂದು ನಿಲ್ಲಿಸಿ. ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ನಡೆದವರಿಗೆ ನೋವು ಮರುಕಳಿಸುವುದು 112 ದಿನದಿಂದ 208 ದಿನಕ್ಕೆ ಮುಂದೆ ಹೋಯಿತು.

ಮೂರು ನಾಲ್ಕು ವಾರದ ಮೇಲೆ, ಮುಂದೆ ಬಗ್ಗದೇ ಬೆನ್ನು ಗಟ್ಟಿ ಮಾಡುವ ವ್ಯಾಯಾಮ. ಅಂಗೈ ಮೊಣಕಾಲು ಊರಿ ನಾಲ್ಕು ಕಾಲಲ್ಲಿ ನಿಂತು ಎದುರುಬದುರು ಕೈ ಕಾಲು ಚಾಚಿ ಹತ್ತು ಸೆಕೆಂಡು ಹಿಡಿಯುವುದು, ಮೊದಲ ಸುತ್ತು ಆರು ಸಲ, ಎರಡನೇದು ನಾಲ್ಕು, ಕೊನೆಗೆ ಎರಡು. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ, ಸೂರ್ಯನಮಸ್ಕಾರ ಈಗ ಬೇಡ. ಯೋಗ ಶಿಕ್ಷಕರಿಗೆ ಡಿಸ್ಕ್ ಇದೆ ಎಂದು ಮೊದಲೇ ಹೇಳಿ.

ಪ್ರಯಾಣಕ್ಕೆ ಕಾರಾದರೆ ಮುಂದಿನ ಸೀಟು ಹಿಂದಕ್ಕೆ ವಾಲಿಸಿ, ಸೊಂಟದ ಹಿಂದೆ ಸುತ್ತಿದ ಟವೆಲ್. ಹತ್ತುವಾಗ ಮೊದಲು ಸೀಟಿಗೆ ಕೂತು ಎರಡೂ ಕಾಲು ಒಟ್ಟಿಗೆ ಒಳಗೆ. ಬಸ್ಸಾದರೆ ಎರಡು ಚಕ್ರಗಳ ನಡುವಿನ ಸೀಟು ಹಿಡಿಯಿರಿ, ಹಿಂದಿನ ಚಕ್ರದಾಚೆಯ ಸೀಟಿನಲ್ಲಿ ಹೊಂಡ ಸಿಕ್ಕರೆ ಬೆನ್ನಿಗೆ ನೇರ ಪೆಟ್ಟು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿ.ಮೀ. ಆಸುಪಾಸು. ಮುಂಡಗೋಡದಲ್ಲಿ, ಮತ್ತೆ ಮುಂದೆ ಒಮ್ಮೆ ಇಳಿದು ಐದು ನಿಮಿಷ ನಡೆದು, ನಿಂತಲ್ಲೇ ಹಿಂದಕ್ಕೆ ಬಾಗಿ ಹೋಗಲಿ. ಎಂಆರ್‌ಐ ರಿಪೋರ್ಟ್ ಹಾಳೆ ಮಾತ್ರ ಸಾಲದು, ಫಿಲ್ಮ್ ಅಥವಾ ಸಿ.ಡಿ. ಕೂಡ ಇರಲಿ, ಬಿಪಿ ಗುಳಿಗೆಯ ಎಲೆಯೂ ಜೊತೆಗೆ.